ಗೆಳೆಯಾ, ಆ ಚೂರ್ಣದ ಡಬ್ಬಿ ಒಂದ್ಸಲ ತಿರುವಿ ನೋಡು

ಪ್ರೀತಿಯ ದೋಸ್ತ,

ಐತವಾರ ರಾತ್ರಿ ನೀ ಫೋನ್ ಇಟ್ಟ ಮ್ಯಾಲೆ ನಂಗ ನಿದ್ದಿ ಹತ್ತಲಿಲ್ಲ. "ಎಂಟು ತಿಂಗಳಾತು, ಹೊಟ್ಟಿಗೆ ಇಂಗ್ಲಿಷ್ ಔಷಧದ ಗೋಜಿಗೇ ಹೋಗಿಲ್ಲ, ಬರೇ ಗಿಡಮೂಲಿಕಿ" ಅಂದಿ. ಎದಿಯುರಿಗೆ ಜೇಷ್ಠಮಧು ಪುಡಿ, ಹೊಟ್ಟಿ ಕಟ್ಟಿದ್ರ ರಾತ್ರಿ ಒಂದು ಚಮಚ ಚೂರ್ಣ, ಮಣಕಾಲು ಭಾಳ ನೋಯ್ದಾಗಷ್ಟ ಒಂದು ನೋವಿನ ಗುಳಗಿ. ಕಡೀಕ, ಪ್ಯಾಂಟು ಸಡಲ ಆಗ್ಯಾವ, ಹೊಟ್ಟಿ ಕರಗೇತಿ ಅಂತ ಖುಷಿ ಪಟ್ಟಿ. ಆ ಕಡೀ ಮಾತಿನ ಮ್ಯಾಲೆ ನನ್ನ ಮನಸ್ಸು ಕುಂತು ಬಿಟ್ಟೇತಿ. ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಬರಿಯಾಕ ಕುಂತೀನಿ. ನಿನ್ನ ಹೆಸರು ತಗದು ಇದನ್ನ ಎಲ್ಲಾರೂ ಓದೂ ಹಂಗ ಹಾಕಾಕತ್ತೀನಿ. ನಮ್ಮ ವಾರಿಗಿಯವ್ರು ಭಾಳ ಮಂದಿ ಹಿಂಗ ಮಾಡಾಕತ್ತಾರ.

ನಾ ಗಿಡಮೂಲಿಕಿ ಬ್ಯಾಡ ಅನ್ನಾವ ಅಲ್ಲ. ಆಯಿ, ಅಂದ್ರ ನಮ್ಮ ಅಜ್ಜಿ, ಅಕಿ ಕೈಯಾಗ ಬೆಳದಾವ ನಾ ಹ್ಯಾಂಗ ಬ್ಯಾಡ ಅನ್ಲಿ? ನೆನಪೈತೇನು, ಏಳನೇ ಇಯತ್ತೆದಾಗ ಬನಶಂಕರಿ ಜಾತ್ರಿಗೆ ಹೋಗಿದ್ವಿ. ಬುಟ್ಟಿ ಇಟ್ಕೊಂಡು ಕುಂತ ಹೆಣ್ಣಮಕ್ಕಳ ಕಡೆ ಜ್ವಾಳದ ರೊಟ್ಟಿ, ಕೆಂಪಿಂಡಿ, ಗಡಿಗಿ ಮಸರು ಉಂಡು, ಅದರ ಮ್ಯಾಲೆ ಮಿರ್ಚಿ ಭಜಿ ತಿಂದು, ರಾತ್ರಿ ಇಬ್ರೂ ಹೊಟ್ಟಿ ಹಿಡ್ಕೊಂಡು ಹೊಳ್ಳಾಡಿದ್ವಿ. ಆವಾಗ ಹಳೇ ಬಾಗಲಕೋಟ್ಯಾಗಿನ ನಮ್ಮ ಮನಿ ಇನ್ನೂ ಆಲಮಟ್ಟಿ ಹಿನ್ನೀರಿನ್ಯಾಗ ಮುಳುಗಡಿ ಆಗಿರಲಿಲ್ಲ. ಆಯಿ ಎದ್ದು ಒಲಿ ಹೊತ್ತಿಸಿ ರೊಟ್ಟಿ ಹಂಚು ಇಟ್ಲು. ಹಂಚು ಕಾದ ಮ್ಯಾಲೆ ಒಂದು ಹಿಡಿ ಅಜಿವಾನ ಹಾಕಿ ಅರಿವಿ ಚೂರಿನಿಂದ ಆಡಿಸಿದ್ಲು. ಕಾಳು ಚಟಚಟ ಅಂದು ವಾಸನಿ ಪಡಸಾಲಿ ತುಂಬ್ತು. ಕೆಳಗಿಳಿಸಿ, ಅಂಗೈಯಾಗ ಹಾಕ್ಕೊಂಡು ತಿಕ್ಕಿ, ಉಫ್ ಅಂತ ಊದಿ ಹೊಟ್ಟು ಹಾರಿಸಿ, ಎರಡು ಹರಳು ಉಪ್ಪು ಸೇರಿಸಿ ನಮ್ಮ ಕೈಗೆ ಸುರುವಿದ್ಲು. "ಅಗೀರಿ, ಹಂಗ ನುಂಗಬ್ಯಾಡ್ರಿ, ಮ್ಯಾಲೆ ಬಿಸಿನೀರು ಕುಡೀರಿ." ಅರ್ಧ ತಾಸಿನ್ಯಾಗ ದೊಡ್ಡ ತೇಗು ಬಂದು ಇಬ್ರೂ ಮಲಗಿದ್ವಿ.

ಆ ಖಾರ ವಾಸನಿ ಅಜಿವಾನದ ಎಣ್ಣ್ಯಾಗಿನ ಥೈಮಾಲ್ ಅನ್ನೂ ಅಂಶದ್ದು. ಬಡೇಸೋಪು, ಜೀರಗಿ, ಪುದೀನಾದಾಗೂ ಇಂಥವ ವಾಸನಿ ಎಣ್ಣಿ ಇರ್ತಾವ. ಕರುಳು ಹಿಡಕೊಂಡಿದ್ರ ಸಡಲ ಮಾಡ್ತಾವ, ವಾಯು ಹೊರಗ ಬೀಳತೈತಿ. ಆದ್ರ ಪುದೀನಾ ಅನ್ನನಾಳದ ಕೆಳಗಿನ ಬಾಗಲಾನೂ ಸಡಲ ಮಾಡತೈತಿ, ಎದಿಯುರಿ ಇದ್ದವ್ರಿಗೆ ಉರಿ ಇನ್ನೂ ಹೆಚ್ಚಾಗಬಹುದು. ಹೊಟ್ಟಿ ಉಬ್ಬರಕ್ಕ ಚಲೋ ಆಗಿದ್ದು ಎದಿಯುರಿಗೂ ಚಲೋ ಅಂತಿಲ್ಲ.

ಆದ್ರ ಆಯಿಗೆ ಒಂದು ಲೆಕ್ಕ ಇತ್ತು. ಎರಡು ದಿನ ಅಕಿ ನೋಡ್ತಿದ್ಲು. ಮೂರನೇ ದಿನಾನೂ ಹೊಟ್ಟಿ ಸುಧಾರಸಲಿಲ್ಲಂದ್ರ ಅಪ್ಪನ ಕರದು, "ಇದು ನನ್ನ ಕೈಯಾಗಿಂದಲ್ಲ, ದವಾಖಾನಿಗೆ ಕರ್ಕೊಂಡು ಹೋಗು" ಅಂತಿದ್ಲು. ಸಾಲಿ ಕಲೀದ ಹೆಣ್ಣಮಗಳು. ಅಕಿ ಅಜಿವಾನದ ಗುಣ ಎಲ್ಲಾರಿಗೂ ನೆನಪೈತಿ, ಅಕಿ ಮೂರನೇ ದಿನ ಯಾರಿಗೂ ನೆನಪಿಲ್ಲ.

ನಮ್ಮ ಸಣ್ಣ ಕಾಕಾನೂ ಮರತಿದ್ದ. ಅವಂದು ನಿಂಗ ಪೂರ್ತಿ ಎಂದೂ ಹೇಳಿಲ್ಲ. ಸೊಂಟ ನೋವಿಗೆ ಔಷಧ ಅಂಗಡ್ಯಾಗಿನ ನೋವಿನ ಗುಳಗಿ ದಿನಾ ನುಂಗ್ತಿದ್ದ. ಕೆಲವು ತಿಂಗಳಿಗೆ ಹೊಟ್ಟಿ ಉರಿ ಸುರು ಆತು. ಯಾರೋ ಒಬ್ಬರ ಕಡೆ ಪುಡಿ ತಂದ, ಉರಿ ಕಡಿಮಿ ಆತು. ಮತ್ತ ಬಂತು, ಮತ್ತೊಂದು ಪುಡಿ ತಂದ. ಪೂರ್ತಿ ಆರಾಮ ಆಗ್ತಿರಲಿಲ್ಲ, ಪೂರ್ತಿ ತ್ರಾಸೂ ಆಗ್ತಿರಲಿಲ್ಲ, ಹಿಂಗಾಗಿ ಒಂದು ವರ್ಷ ಹೋತು. ಆಮ್ಯಾಲೆ ಮಲ ಡಾಂಬರಿನಂಗ ಕರ್ರಗ, ಅಂಟು ಅಂಟು ಆಗಾಕ ಹತ್ತಿತು. ಪುಡಿ ಕೊಟ್ಟವ್ರನ್ನ ಕೇಳಿದ್ರ "ಪಿತ್ತ ಹೊರಗ ಬೀಳಾಕತ್ತೈತಿ, ಚಲೋ ಆತು" ಅಂದ್ರಂತ. ಕಾಕಾ ಮನ್ಯಾಗ ಯಾರಿಗೂ ಹೇಳಲಿಲ್ಲ. ಒಂದಿನ ನಸಿಕಿನ್ಯಾಗ ಹಿತ್ತಲದಾಗ ಬಿದ್ದಿದ್ದ. ನಾನ ಹೋಗಿ ಎತ್ತೀನಿ. ತುಟಿ, ಉಗುರು ಬಿಳಿ ಹಾಳಿ ಆಗಿದ್ವು.

ಮೂರು ಬಾಟಲಿ ರಕ್ತ ಏರಿಸಿದ್ರು. ಎಂಡೋಸ್ಕೋಪಿ, ಅಂದ್ರ ಬಾಯಾಗಿಂದ ಹೊಟ್ಟಿಗೆ ಕ್ಯಾಮೆರಾ ನಳಿಗಿ ಬಿಟ್ಟು ನೋಡೂದು, ಮಾಡುವಾಗ ಡಾಕ್ಟರ್ ನನಗ ಪರದೆ ಮ್ಯಾಲೆ ತೋರಿಸಿದ್ರು: ಗುಲಾಬಿ ಬಣ್ಣದ ಗೋಡಿ ನಡುವ ಒಂದು ಬಿಳಿ ತಗ್ಗು, ಅದರ ತಳದಾಗ ಒಂದು ಕರೇ ಚುಕ್ಕಿ. "ಇದು ಹುಣ್ಣು, ರಕ್ತ ಇಲ್ಲಿಂದ ಸೋರೇತಿ" ಅಂದ್ರು. ಹೊಟ್ಟ್ಯಾಗ ಸೋರಿದ ರಕ್ತ ಆಮ್ಲಕ್ಕ ಸಿಕ್ಕು ಕಪ್ಪಾಗಿ ಕೆಳಗ ಬರತೈತಿ. ಕಬ್ಬಿಣಾಂಶದ ಗುಳಗಿ ತಗೊಂಡ್ರೂ ಮಲ ಕಪ್ಪಾಗತೈತಿ, ಆದ್ರ ಕಾಕಾ ಅಂಥಾದ್ದೇನೂ ತಗೊಂಡಿರಲಿಲ್ಲ. ನೋವಿನ ಗುಳಗಿ ಹೊಟ್ಟಿ ಒಳಗಿನ ಕಾವಲು ಪದರ ಕೆಡಿಸಿತ್ತು. ಅದರ ಜೋಡಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೂ ರೋಗಾಣುನೂ ಇತ್ತು. ಹುಣ್ಣು ಆಗೂದು ಬರೇ ಖಾರದಿಂದ, ಚಿಂತಿಯಿಂದ ಅಂತ ಡಾಕ್ಟರ್ ಮಂದೀನ ನಂಬಿದ್ದ ಕಾಲದಾಗ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಾಗ ಈ ರೋಗಾಣು ಬೆಳಸಿದ ದ್ರವ ತಾನ ಕುಡದು, ಜಠರ ಉರಿಯೂತ ತಂದ್ಕೊಂಡು ತೋರಿಸಿದ. 2005ರಾಗ ಅವಗ, ರಾಬಿನ್ ವಾರನ್‌ಗ ನೊಬೆಲ್ ಬಂತು. ಕಾಕಾಗ ಎರಡು ವಾರದ ಗುಳಗಿ ಕೊಟ್ರು. ಒಂದು ವರ್ಷ ಪುಡಿ ನುಂಗಿದ್ದಕ್ಕ ಎರಡು ವಾರ. ಈಗ ಆರಾಮ ಅದಾನ, ಹೊಲಕ್ಕ ಹೊಕ್ಕಾನ. ಆದ್ರ ಆ ನಸಿಕಿನ್ಯಾಗ ನಾ ಅರ್ಧ ತಾಸು ತಡಾ ಮಾಡಿ ಎದ್ದಿದ್ರ ಏನಾಗ್ತಿತ್ತು ಅನ್ನೂದು ನನ್ನ ಇನ್ನೂ ಬಿಟ್ಟಿಲ್ಲ.

ಈಗ ನಿನ್ನ ವಿಷಯಕ್ಕ ಬರ್ತೀನಿ. ಇದನ್ನ ವೈನಿ ಮುಂದನ ಓದು.

ಜೇಷ್ಠಮಧು ಅಂದಿ. ಗಂಟಲು ಕೆರತಕ್ಕ ಒಂದು ತುಂಡು ಬಾಯಾಗ ಇಟ್ಕೊಳ್ಳೂದು ಬ್ಯಾರೆ, ತಿಂಗಳಾನಗಟ್ಟಲೆ ಚಮಚ ಚಮಚ ನುಂಗೂದು ಬ್ಯಾರೆ. ಅದರಾಗಿನ ಗ್ಲೈಸಿರೈಜಿನ್ ಮೈಯಾಗ ಉಪ್ಪು, ನೀರು ಹಿಡದಿಡತೈತಿ, ಪೊಟ್ಯಾಶಿಯಂ ಹೊರಗ ಹಾಕತೈತಿ. ರಕ್ತದೊತ್ತಡ ಏರತೈತಿ, ಪೊಟ್ಯಾಶಿಯಂ ಭಾಳ ಇಳಿದ್ರ ಎದಿ ಬಡಿತಾನೂ ತಪ್ಪತೈತಿ. ನಿಂಗ ಮೊದ್ಲ ಬಿಪಿ ಐತಿ. "ಗುಳಗಿ ತಗೊಂಡ್ರೂ ಬಿಪಿ ಇಳೀವಲ್ದು" ಅಂತ ನೀನ ಹೋದ ತಿಂಗಳು ಹೇಳಿದ್ದಿ. ಈ ಪುಡಿ ಮಾತು ನಿನ್ನ ಡಾಕ್ಟರಗ ಹೇಳಿಯೇನು? ಹೇಳಿರಂಗಿಲ್ಲ. ಗಿಡಮೂಲಿಕಿ ಅಂದ್ರ ಅದು ಔಷಧ ಅಲ್ಲ, ಊಟ ಅಂತ ನಾವು ತಿಳ್ಕೊಂಡೀವಿ. ಹೊಟ್ಟಿ ಆರಾಮ ಮಾಡೂ ತಾಕತ್ತು ಇದ್ದದ್ದಕ್ಕ ತ್ರಾಸು ಕೊಡೂ ತಾಕತ್ತೂ ಇರತೈತಿ.

ರಾತ್ರಿ ಚೂರ್ಣದ ಡಬ್ಬಿ ತಿರುವಿ ನೋಡು. ಸೋನಾಮುಖಿ ಅಂತ ಬರದಿರಬಹುದು. ಹೊಟ್ಟಿ ಸಾಫ್ ಮಾಡೂ ಭಾಳಷ್ಟು ಚೂರ್ಣದಾಗ ಅದನ ಮುಖ್ಯ. ಅದು ದೊಡ್ಡ ಕರುಳನ್ನ ಚಾಟಿ ಹೊಡದು ಎಬ್ಬಿಸಿದಂಗ. ಎರಡು ಮೂರು ದಿನಕ್ಕ ಅಡ್ಡಿಯಿಲ್ಲ. ಎಂಟು ತಿಂಗಳು ತಗೊಂಡ್ರ ಮೈಯಾಗಿನ ಲವಣ ಹೋಗ್ತಾವ, ಅದರಾಗೂ ಪೊಟ್ಯಾಶಿಯಂ. ಜೇಷ್ಠಮಧು ಒಂದು ಕಡೆಯಿಂದ, ಸೋನಾಮುಖಿ ಇನ್ನೊಂದು ಕಡೆಯಿಂದ ಅದನ್ನ ಖಾಲಿ ಮಾಡಾಕತ್ತಿದ್ರ ನಿಂಗ ಸುಸ್ತು ಆಗೂದ್ರಾಗ ಆಶ್ಚರ್ಯ ಏನೈತಿ? ಹೊಟ್ಟಿ ಕಟ್ಟಿದ್ರ ಇಸಬಗೋಲ ಚಲೋ. ಅದು ಚಾಟಿ ಅಲ್ಲ, ನಾರು. ನೀರು ಕುಡದು ಉಬ್ಬಿ ಮಲ ಮೆತ್ತಗ ಮಾಡತೈತಿ. ಆದ್ರ ಒಂದು ದೊಡ್ಡ ಗ್ಲಾಸ್ ನೀರಿನ ಜೋಡಿ ತಗೋಬೇಕು, ಇಲ್ಲಂದ್ರ ಗಂಟಲದಾಗ ಗಂಟು ಕಟ್ಟತೈತಿ. ಬಿಪಿ ಗುಳಗಿಗೂ ಅದಕ್ಕೂ ನಡುವ ಒಂದೆರಡು ತಾಸು ಬಿಡು.

ನಮ್ಮ ಮನ್ಯಾಗ ಇವತ್ತಿಗೂ ಆಯಿದ ನಡೀತೈತಿ. ನವನಗರದ ಅಂಗಳದಾಗ ಅಕಿ ಹಚ್ಚಿದ ದೊಡ್ಡಪತ್ರಿ ಐತಿ. ಮಧ್ಯಾಹ್ನ ಜೀರಗಿ, ಇಂಗು ಹಾಕಿದ ಮಜ್ಜಗಿ, ರೊಟ್ಟಿ ಜೋಡಿ ಅಗಸಿ ಹಿಂಡಿ. ಮಕ್ಕಳಿಗೆ ಜುಲಾಬು ಹತ್ತಿದ್ರ ಮೊದ್ಲ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಪಾಟ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು. ಅವ್ವ ಅದಕ್ಕ ಇಂಡಿ ಲಿಂಬಿಹಣ್ಣು ನಾಲ್ಕು ಹನಿ ಹಿಂಡತಾಳ, ಹುಡುಗ್ರು ಬಾಯಿ ಮುಚ್ಚಿಕೊಂಡು ಕುಡೀತಾವ.

ಆಯುರ್ವೇದನ ಬೇಕು ಅಂದ್ರ ಓದಿದವ್ರ ಕಡೆ ಹೋಗೂಣು. ಬೆಳಗಾವಿ ಶಹಾಪುರದಾಗ ಕೆಎಲ್‌ಇ ಸಂಸ್ಥೆದ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ 1933ರಿಂದ ಐತಿ, ನಾನ ಕರ್ಕೊಂಡು ಹೊಕ್ಕೀನಿ. ಎದುರಿಗೆ ಕುಂಡ್ರಿಸಿಕೊಂಡು, ನಾಡಿ ಹಿಡದು, ಏನೇನು ನುಂಗ್ತಿ ಅಂತ ಕೇಳಾವ ವೈದ್ಯ. ಫೋನಿನ ವಿಡಿಯೋದಾಗಿನವಗ ನಿನ್ನ ಬಿಪಿ ಗೊತ್ತಿಲ್ಲ, ನಿನ್ನ ಮಣಕಾಲಿನ ಗುಳಗಿ ಗೊತ್ತಿಲ್ಲ.

ಆದ್ರ ಅದು ಆಮ್ಯಾಲೆ. ಐವತ್ತು ದಾಟಿದಾವಗ ಎಂಟು ತಿಂಗಳ ಉರಿ, ಉಪವಾಸ ಇರದ, ನಡೀದ ತೂಕ ಇಳಿಯೂದು, ಅದರ ಜೋಡಿ ನೋವಿನ ಗುಳಗಿ. ಮೊದ್ಲ ಒಳಗ ಏನೈತಿ ಅಂತ ನೋಡಬೇಕು. ಮಲ ಕರ್ರಗ ಆಗೇತೇನು, ಅನ್ನ ನುಂಗುವಾಗ ತಡೀತೈತೇನು, ನಂಗ ನಾಚಿಗಿ ಬಿಟ್ಟು ಹೇಳು. ಕರ್ರಗ ಆಗಿದ್ರ ನನ್ನ ದಾರಿ ಕಾಯಬ್ಯಾಡ, ಈ ಪತ್ರ ಅರ್ಧಕ್ಕ ಬಿಟ್ಟು ವೈನಿನ್ನ ಕರ್ಕೊಂಡು ಈಗ ಹೋಗು.

ಇಲ್ಲಂದ್ರ ಗುರುವಾರ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಟಿಕೀಟು ತಗಸೀನಿ, ಶುಕ್ರವಾರ ಮುಂಜಾನಿ ನಿಮ್ಮ ಮನಿಗೆ ಬರ್ತೀನಿ. ಗುರುವಾರ ರಾತ್ರಿ ಲಗೂನ ಉಣ್ಣು, ಆಮ್ಯಾಲೆ ಏನೂ ತಿನ್ನಬ್ಯಾಡ. ಎಂಡೋಸ್ಕೋಪಿಗೆ ಹೊಟ್ಟಿ ಖಾಲಿ ಇರಬೇಕು. ಎಲ್ಲಾ ಡಬ್ಬಿ, ಎಲ್ಲಾ ಗುಳಗಿ ಚೀಟಿ ಒಂದು ಚೀಲದಾಗ ಹಾಕಿಡು. ಅವ್ವ ನಿನ್ನೆ ಹಂಚಿನ ಮ್ಯಾಲೆ ಅಜಿವಾನ ಹುರದು ಡಬ್ಬಿ ತುಂಬ್ಯಾಳ, ತರ್ತೀನಿ. ಡಾಕ್ಟರ್ ನೋಡಿದ ಮ್ಯಾಲೆ ಕೊಡ್ತೀನಿ.

ನಿನ್ನ,
ಬಾಗಲಕೋಟಿ ದೋಸ್ತ