ಕೋರ್ಸ್ ಮುಗಿಸಿದವರ ಮಾತು ಮೊದಲು ಕೇಳಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗದಲ್ಲಿ ಒಂದು ಡಿಗ್ರಿ ಕಾಲೇಜಿನ ಎದುರು ನನ್ನ ಜೆರಾಕ್ಸ್ ಅಂಗಡಿ ಇದೆ. ಹಾಲ್ ಟಿಕೆಟ್ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ, ಆನ್‌ಲೈನ್ ಫೀಸು ಎಲ್ಲಾ ಇಲ್ಲೇ ಆಗುತ್ತದೆ. ಕೊರೋನಾ ಬಂದ ಮೇಲೆ ಆನ್‌ಲೈನ್ ಕೋರ್ಸಿಗೆ ಸೇರಲು ಬರುವ ಮಕ್ಕಳು ಜಾಸ್ತಿ ಆಗಿದ್ದಾರೆ. ಅರ್ಜಿ ತುಂಬುವಾಗ ನಾನು ಕೇಳುವುದು ಒಂದೇ ಮಾತು: "ಈ ಕೋರ್ಸ್ ನಿಂಗೆ ಯಾರಪ್ಪಾ ಹೇಳಿದ್ದು?"

ಕೆಲವರು "ಯೂಟ್ಯೂಬಲ್ಲಿ ಆ್ಯಡ್ ಬಂತು ಅಂಕಲ್" ಅನ್ನುತ್ತಾರೆ. ಕೆಲವರು "ನಮ್ಮ ಸೀನಿಯರ್ ಅಕ್ಕ ಮಾಡಿದ್ರು" ಅನ್ನುತ್ತಾರೆ. ಸರ್ಟಿಫಿಕೇಟ್ ಪ್ರಿಂಟ್ ಮಾಡಿಸಲು ಮತ್ತೆ ನನ್ನ ಅಂಗಡಿಗೆ ಬರುವವರು ಹೆಚ್ಚಾಗಿ ಎರಡನೆಯವರೇ.

ಇದು ಗೊತ್ತಿದ್ದೂ ನಾನು ಮೋಸ ಹೋದೆ. ಎರಡು ವರ್ಷದ ಹಿಂದೆ ಬಿಕಾಂ ಮುಗಿಸಿದ ನನ್ನ ಕಿರಿಮಗಳು ಡೇಟಾ ಅನಲಿಟಿಕ್ಸ್ ಕಲಿಯುತ್ತೇನೆ ಅಂದಳು. ಜಾಹೀರಾತಿನಲ್ಲಿ ಮನೆಮಂದಿಗೆಲ್ಲ ಗೊತ್ತಿರುವ ಸಿನಿಮಾ ನಟನ ಮುಖ. ಅದಕ್ಕೇ ಧೈರ್ಯ ಬಂತು. ದಿನಾ ಫೋನ್ ಮಾಡಿ "ಇವತ್ತು ರಾತ್ರಿಯೊಳಗೆ ಸೇರಿದ್ರೆ ಮಾತ್ರ ಡಿಸ್ಕೌಂಟ್ ಸರ್" ಅಂದರು. ಒಟ್ಟು ₹48,000, ತಿಂಗಳಿಗೆ ₹4,000 ಕಂತು. ಅದು ಕೋರ್ಸಿನ ಕಂತಲ್ಲ, ಬೇರೊಂದು ಫೈನಾನ್ಸ್ ಕಂಪನಿ ನನ್ನ ಹೆಸರಲ್ಲಿ ಕೊಟ್ಟ ಸಾಲ ಅಂತ ಆಮೇಲೆ ತಿಳಿಯಿತು. ಮೂರು ವಾರಕ್ಕೆ ಲೈವ್ ಕ್ಲಾಸ್ ನಿಂತು ಹಳೇ ವಿಡಿಯೋ ಬರತೊಡಗಿದವು. ಡೌಟ್ ಕೇಳಿದರೆ ಉತ್ತರವಿಲ್ಲ. ಬಿಡುತ್ತೇವೆ ಅಂದರೆ, ಹಣ ವಾಪಸ್ ಕೇಳುವ ಏಳು ದಿನ ಮುಗಿದಿದೆ ಅಂದರು. ಹನ್ನೆರಡು ಕಂತನ್ನೂ ಕಟ್ಟಿದೆ. "ನನ್ನಿಂದ ದುಡ್ಡು ಹೋಯ್ತಲ್ಲಪ್ಪಾ" ಅಂತ ಅವಳು ಅತ್ತಿದ್ದು ನನಗೆ ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿತು. ಆಮೇಲೆ ನಮ್ಮ ಬೀದಿಯ ಮೂವರು ಹುಡುಗಿಯರು ಅವಳನ್ನು ಕೇಳಿದರು. ಒಬ್ಬಳೂ ಅಲ್ಲಿಗೆ ಸೇರಲಿಲ್ಲ.

ಹೆಸರು ಮೊದಲ ಸಲ ಮಾತ್ರ ಕರೆತರುತ್ತದೆ. ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ನೋಡಿ. ಮಗಳು ಸೇರಿದ್ದು ಅಲ್ಲಿಗಲ್ಲ, ಆದರೆ ಅದಕ್ಕಿಂತ ದೊಡ್ಡ ಹೆಸರು ಯಾವುದಿತ್ತು? 2019ರಿಂದ 2023ರವರೆಗೆ ನಮ್ಮ ಕ್ರಿಕೆಟ್ ತಂಡದ ಜರ್ಸಿ ಮೇಲಿತ್ತು. 2022ರಲ್ಲಿ ಕತಾರ್ ಫುಟ್‌ಬಾಲ್ ವಿಶ್ವಕಪ್‌ಗೂ ಪ್ರಾಯೋಜಕ. ಅದೇ ಕ್ರಿಕೆಟ್ ಮಂಡಳಿಗೆ ಸುಮಾರು ₹158 ಕೋಟಿ ಬಾಕಿ ಉಳಿಸಿಕೊಂಡ ಕೇಸಿನಲ್ಲಿ, 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಆದೇಶ ಕೊಟ್ಟಿತು.

ಇನ್ನೊಂದು ಕಡೆ ಆನ್‌ಲೈನ್‌ನಲ್ಲೇ ಪಾಠ ಕೊಡುವ ಎನ್‌ಪಿಟಿಇಎಲ್ ಇದೆ. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಪಾಠ ಉಚಿತ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆಗೆ ದುಡ್ಡು ಕಟ್ಟಬೇಕು. ವಾರವಾರ ಅಸೈನ್‌ಮೆಂಟ್ ಬರೆಯಬೇಕು, ಪರೀಕ್ಷೆಗೆ ಕೇಂದ್ರಕ್ಕೇ ಹೋಗಬೇಕು. ಯಾವ ನಟನೂ ಇದರ ಬಗ್ಗೆ ಹೇಳಿದ್ದನ್ನು ನಾನು ಕಂಡಿಲ್ಲ. ಆದರೂ ಒಬ್ಬ ಹುಡುಗ ಸರ್ಟಿಫಿಕೇಟ್ ಲ್ಯಾಮಿನೇಷನ್ ಮಾಡಿಸಿದರೆ, ಮುಂದಿನ ಸೆಮಿಸ್ಟರ್‌ಗೆ ಅವನ ಇಬ್ಬರು ಗೆಳೆಯರು ಫಾರ್ಮ್ ತುಂಬಲು ಬರುತ್ತಾರೆ.

ಸಾಲ, ಆಟೋ ಡೆಬಿಟ್ (ಖಾತೆಯಿಂದ ತಾನಾಗಿ ದುಡ್ಡು ಕಡಿತ) ಬಗ್ಗೆ ಎಚ್ಚರ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಪೋಷಕರಿಗೆ ಹೇಳಿತ್ತು. 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿಯೂ ಬಂತು. ಗ್ರಾಹಕ ಸಹಾಯವಾಣಿ 1915 ಇದೆ. ನನ್ನ ಅಂಗಡಿಗೆ ಬರುವ ಅಪ್ಪ ಅಮ್ಮಂದಿರಲ್ಲಿ ಇದನ್ನು ತಿಳಿದವರನ್ನು ನಾನು ಕಂಡಿಲ್ಲ. ನಿಮ್ಮ ಪತ್ರಿಕೆ ಪುಟ ತುಂಬ ಕೋರ್ಸುಗಳ ಜಾಹೀರಾತು ಹಾಕುತ್ತದೆ. ಒಟ್ಟು ಫೀಸು, ಹಣ ವಾಪಸಿನ ಷರತ್ತು ದಪ್ಪ ಅಕ್ಷರದಲ್ಲಿ ಇಲ್ಲದ ಜಾಹೀರಾತನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಕಾಲೇಜಿನವರು ವರ್ಷಕ್ಕೆ ಒಂದು ದಿನ ಕೋರ್ಸ್ ಮುಗಿಸಿದ ಸೀನಿಯರ್‌ಗಳನ್ನು ಕರೆಸಿ ಮಾತಾಡಿಸಲಿ.

ನಾನಂತೂ ಅಂಗಡಿಯ ಗಾಜಿನ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಇದು ಸಾಲವಾ, ಬಿಟ್ಟರೆ ದುಡ್ಡು ಯಾವತ್ತಿನವರೆಗೆ ವಾಪಸ್, ಮುಗಿಸಿದವರೊಬ್ಬರ ನಂಬರ್ ಕೊಡ್ತೀರಾ ಅಂತ ಕೇಳಿ ಎಂದು ಬರೆದಿದ್ದೇನೆ. ಹೋದ ಸೋಮವಾರ ಒಬ್ಬ ಹುಡುಗ ಅದನ್ನು ಓದಿ, ಅಲ್ಲಿಂದಲೇ ಕೋರ್ಸಿನವರಿಗೆ ಫೋನ್ ಮಾಡಿ ಕೇಳಿದ. ನಂಬರ್ ಕಳಿಸುತ್ತೇವೆ ಅಂದರಂತೆ. ಇವತ್ತು ಶನಿವಾರ, ಅವನಿಗೆ ಇನ್ನೂ ಬಂದಿಲ್ಲ.

– ಜೆರಾಕ್ಸ್ ಅಂಗಡಿ ಮಾಲೀಕ, ಚಿತ್ರದುರ್ಗ