ಅತ್ತೆಗೆ ಒಂದು ಬಾಟಲಿ ಜೇನು ಬಾಕಿ

ನಮ್ಮ ಸೋಲಿಗರ ರೊಟ್ಟಿ ಹಬ್ಬದಲ್ಲಿ ಅಪ್ಪ ಕುಣಿಯುವವರ ಸಾಲಿನಲ್ಲಿ ನಿಂತಿದ್ದನ್ನು ನೋಡಿ ತುಂಬಾ ಜನ ಫೋನ್ ಮಾಡಿದಿರಿ. ಅಪ್ಪನ ಸಕ್ಕರೆ ಕಾಯಿಲೆ, ಕಾಲಿನ ಗಾಯ, ಆಪರೇಷನ್ ಎಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಡ್ರೆಸ್ಸಿಂಗ್ ಮಾಡಿದ ಸಿಸ್ಟರ್‌ಗಳಿಗೆ, ಬಾಡಿಗೆ ಕೇಳದ ಜೀಪಣ್ಣನಿಗೆ, ಸಂಘದ ದುಡ್ಡು ಕೊಟ್ಟ ಅಕ್ಕಂದಿರಿಗೆ, ಮೈಸೂರಿನಿಂದ ಸಕ್ಕರೆ ಅಳೆಯುವ ಸ್ಟ್ರಿಪ್ ಕಳಿಸಿದ ಗೆಳತಿಗೆ ಕೈಮುಗಿದೆ. ಉಳಿದದ್ದೆಲ್ಲ ನನ್ನ ಅತ್ತೆಗೆ, ಅಪ್ಪನ ಅಕ್ಕನಿಗೆ.

ಅಪ್ಪನಿಗೆ ಜ್ವರವಿದ್ದ ಒಂದು ರಾತ್ರಿ, ಸಕ್ಕರೆ ಇಳಿಸುವ ಇನ್ಸುಲಿನ್ ಚುಚ್ಚಿದ್ದು ನಾನು. ಒದ್ದೆ ಮರಳಿನ ಮಡಕೆಯಿಂದ ಸೀಸೆ ತೆಗೆದು, ಬೆಳಕಿಗೆ ಹಿಡಿದು, ಲೆಕ್ಕ ನೋಡಿಯೇ ಕೊಟ್ಟೆ. ಊಟ ಬಡಿಸಿ ಆಚೆ ಹೋದೆ. ಜ್ವರದ ಸುಸ್ತಿಗೆ ಅಪ್ಪ ಎರಡು ತುತ್ತು ತಿಂದು ತಟ್ಟೆ ಸರಿಸಿ ಮಲಗಿಬಿಟ್ಟಿದ್ದ. ನಾನು ನೋಡಲಿಲ್ಲ.

ನಡುರಾತ್ರಿ ಅವನು ಏನೇನೋ ಬಡಬಡಿಸುವುದು ಪಕ್ಕದ ಮನೆಯ ಅತ್ತೆಗೆ ಕೇಳಿಸಿತು, ಗೋಡೆಗೆ ಒರಗಿ ಮಲಗಿದ್ದ ನನಗಲ್ಲ. ಬಂದವಳೇ ಹಣೆ ಮುಟ್ಟಿದಳು. ಮೈ ತಣ್ಣಗಿತ್ತು, ಅಂಗಿ ಬೆವರಿನಲ್ಲಿ ತೊಪ್ಪೆ. "ಇದು ಜ್ವರ ಅಲ್ಲ ಕಣವ್ವ, ಸಕ್ಕರೆ ಬಿದ್ದೋಗದೆ. ಮೀಟ್ರು ತಕ್ಕಬಾ." ಮೀಟರಿನಲ್ಲಿ 41, ತೀರಾ ಕಮ್ಮಿ.

ಮನೆಯಲ್ಲಿ ಸಿಹಿ ಅನ್ನುವುದೇ ಇರಲಿಲ್ಲ. ಹೆಜ್ಜೇನು ಇಳಿಸಿಯೇ ಬದುಕಿದವನ ಮನೆಯಿಂದ ಜೇನನ್ನೆಲ್ಲ ನಾನೇ ಆಚೆ ಹಾಕಿದ್ದೆ. ಅಪ್ಪ ಎರಡು ದಿನ ಮಾತು ಬಿಟ್ಟಿದ್ದ. ಕೊನೆಯ ಬಾಟಲಿಯನ್ನು ಅತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿದ್ದಳು, ಅದಕ್ಕೂ ಬೈದಿದ್ದೆ. ಆ ಬಾಟಲಿಯನ್ನೇ ತಂದಳು. ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಬೆರಳು ಅದ್ದಿ, ಕೆನ್ನೆಯ ಒಳಗೆ ಒಸಡಿಗೆ ಸ್ವಲ್ಪ ಸ್ವಲ್ಪವೇ ಸವರಿದಳು. ನಾನು ಗಾಬರಿಗೆ ಲೋಟದಲ್ಲಿ ಕಲಸಿ ತಂದರೆ "ಸುರೀಬ್ಯಾಡ, ನೆತ್ತಿಗೆ ಹತ್ತುತ್ತೆ" ಅಂತ ಕೈ ತಳ್ಳಿದಳು. ಕಾಲು ಗಂಟೆಗೆ 58. ಕಣ್ಣು ಬಿಟ್ಟು ನುಂಗುವ ಹಾಗಾದ ಮೇಲೆ ಗಂಜಿ.

ದಾರಿಯಲ್ಲಿ ಆನೆ ನಿಂತಿತ್ತು, ಬೆಳಕಾಗದೆ ಜೀಪು ಹತ್ತುವಂತಿರಲಿಲ್ಲ. ಇದ್ದದ್ದು ಐದು ಸ್ಟ್ರಿಪ್. ಅವು ಮುಗಿಯಬಾರದೆಂದು ಅತ್ತೆ ಗಳಿಗೆಗೊಮ್ಮೆ ತಮ್ಮನನ್ನು ಅಲುಗಿಸಿ "ನಮ್ಮವ್ವನ ಹೆಸರೇನ್ಲಾ?" ಅಂತ ಕೇಳುತ್ತಿದ್ದಳು. ಸರಿಯಾಗಿ ಹೇಳಿದರೆ ಬಿಡುವಳು, ತೊದಲಿದರೆ ಬೆರಳು ಚುಚ್ಚುವಳು. ಇದೆಲ್ಲ ಅವಳಿಗೆ ಹೇಗೆ ಗೊತ್ತು? ಜಗಲಿ ಮೇಲೆ ನಮ್ಮ ಸಿಸ್ಟರ್ ಹೇಳಿಕೊಡುವಾಗ ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನೋಟ್‌ಬುಕ್ ಹಿಡಿದು ಬರೆದುಕೊಂಡಿದ್ದು ನಾನು.

ಅಪ್ಪ ಏಳದೇ ಹೋಗಿದ್ದರೆ ಅದು ನನ್ನ ಕೈಯಿಂದಲೇ ಆದದ್ದು. ಎಷ್ಟೋ ದಿನ ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಅತ್ತೆ ಒಮ್ಮೆಯೂ ಆಡಿ ತೋರಿಸಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು. ಈಗ ಅಪ್ಪ ಕೈ ತೊಳೆದು ತಟ್ಟೆ ಮುಂದೆ ಕೂತ ಮೇಲೆಯೇ ಸೂಜಿ.

ಡಾಕ್ಟರಿಗೂ ಒಂದು ಮಾತು ಸಲ್ಲಬೇಕು. ನಮ್ಮ ಸೋಲಿಗರಲ್ಲಿ ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇದೆ, ನಮ್ಮ ಮನೆಯಲ್ಲೂ ಇದೆ. ಅಂಥವರಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಸುಳ್ಳು ಹೇಳಬಹುದು, ಅದೊಂದನ್ನೇ ನಂಬಬೇಡಿ, ಬೆರಳು ಚುಚ್ಚಿ ನೋಡಿ ಅಂತ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಇದು ಪ್ಯಾಟೆಯೋರ ಕಾಯ್ಲೆ, ನಮ್ಮ ಪೋಡಿಗೆ ಹೆಂಗ್ ಬಂತು?" ಅನ್ನುತ್ತಾಳೆ ಅತ್ತೆ. ಪೋಡು ಅಂದರೆ ನಮ್ಮ ಊರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, ಕಾಡಿನೊಳಗೆ ರಾಗಿ, ಅವರೆ, ಕುಂಬಳ ಒಟ್ಟಿಗೆ ಬಿತ್ತುವ ಬೇಸಾಯ ನಿಂತಿತು. ತಟ್ಟೆಗೆ ರೇಷನ್ ಅಕ್ಕಿ ಬಂತು, ಕಾಲಿಗೆ ನಡಿಗೆ ಕಮ್ಮಿಯಾಯಿತು. ಹಾಗಂತ ರಾಗಿ ಎಷ್ಟು ತಿಂದರೂ ಸರಿ ಅಂತಲ್ಲ. ಅಪ್ಪ ಮೂರನೇ ಮುದ್ದೆಗೆ ಕೈ ಹಾಕಿದರೆ ತಟ್ಟೆ ಎಳೆಯುವವಳೂ ಇದೇ ಅತ್ತೆ.

ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಬಾಟ್ಲಿ ಜೇನು ಯಾವಾಗ ವಾಪಸ್ ಕೊಡ್ತೀಯ?" ಅಂದಳು.