ಈ ಸಲ ಎದ್ದು ಬರಲಿಲ್ಲ

ಫ್ರೇಮಿಂಗ್‌ಹ್ಯಾಮ್, ಮ್ಯಾಸಚೂಸೆಟ್ಸ್
18 ಅಕ್ಟೋಬರ್ 2004, ಸೋಮವಾರ ಬೆಳಗಿನ ಜಾವ

ಪ್ರೀತಿಯ ಪುಟ್ಟಿ,

ಗಂಟೆ ಎರಡೂವರೆ ಆಗಿದೆ. ನಿದ್ದೆ ಬರುತ್ತಿಲ್ಲ. ಒಂದೂ ಇಪ್ಪತ್ತೆರಡಕ್ಕೆ ನಾನು ಕೂಗಿದ ಕೂಗಿಗೆ ಅಮ್ಮ ಗಾಬರಿಯಾಗಿ ಕೆಳಗೆ ಓಡಿ ಬಂದಳು. "ರೆಡ್ ಸಾಕ್ಸ್ ಗೆದ್ದರು ಕಣೇ" ಅಂದೆ. ಸ್ವಲ್ಪ ಹೊತ್ತು ನನ್ನ ಪಕ್ಕ ಕೂತಿದ್ದು ಹೋಗಿ ಮಲಗಿದಳು.

ರಾತ್ರಿಯ ಬೇಸ್‌ಬಾಲ್ ಆಟ ನೀನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ. ಶನಿವಾರ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಫೋನಿನಲ್ಲಿ ಮಾತಾಡಿದರೆ ಮತ್ತೆ ಜಗಳ ಆಗುತ್ತದೆ ಅಂತ ಭಯ. ಅದಕ್ಕೇ ಬರೆಯುತ್ತಿದ್ದೇನೆ.

"ಆಟ ಮುಗಿಯೋ ಮುಂಚೆ ಎದ್ದು ಬರೋದು ನಿಮಗೆ ಅಭ್ಯಾಸ ಅಪ್ಪಾ" ಅಂದೆಯಲ್ಲ, ಯಾವ ರಾತ್ರಿಯ ಮಾತು ಅದು ಅಂತ ತಕ್ಷಣ ಗೊತ್ತಾಯಿತು. ಎಂಟು ವರ್ಷ ಆಯಿತು. ನೀನು ಮರೆತಿದ್ದೀಯ ಅಂದುಕೊಂಡಿದ್ದೆ.

ಚಿನ್ನಸ್ವಾಮಿ ಸ್ಟೇಡಿಯಂ, ಟೈಟನ್ ಕಪ್, ಆಸ್ಟ್ರೇಲಿಯಾ ಮೇಲೆ. ಗೆಲ್ಲೋದಕ್ಕೆ 216 ಬೇಕು. ಸಚಿನ್ 88ಕ್ಕೆ ಔಟಾದಾಗ 164ಕ್ಕೆ ಎಂಟು ವಿಕೆಟ್. ನಾನು ಗಡಿಯಾರ ನೋಡಿದೆ. ಬಸ್ ಸಿಗಲ್ಲ, ನಾಳೆ ಸ್ಕೂಲಿದೆ, ನಡಿ ಅಂದೆ. "ಶ್ರೀನಾಥ್ ಇದಾನೆ, ಕುಂಬ್ಳೆ ಇದಾನೆ, ಇಬ್ಬರೂ ನಮ್ಮೋರೇ" ಅಂತ ನೀನು ಕುರ್ಚಿ ಹಿಡಿದುಕೊಂಡು ಕೂತೆ. ನಾನು ಕೈ ಹಿಡಿದು ಎಳೆದುಕೊಂಡು ಬಂದೆ. ಎಂ.ಜಿ. ರಸ್ತೆಯ ಬಸ್ ಸ್ಟಾಪಿನಲ್ಲಿ ಬಿಟಿಎಸ್ ಬಸ್ಸಿಗೆ ಕಾಯುತ್ತಿದ್ದಾಗ ಆ ಸದ್ದು ಬಂತು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಕೊನೆಗೆ ಬಂದದ್ದು ನಿಲ್ಲಲೇ ಇಲ್ಲ. ನೀನು ಸ್ಟೇಡಿಯಂ ಕಡೆ ಮುಖ ಮಾಡಿಕೊಂಡು ನಿಂತಿದ್ದೆ. ಅಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ಜಯನಗರ ಬರೋ ತನಕ ಒಂದೂ ಮಾತಾಡಲಿಲ್ಲ. ಹನ್ನೊಂದು ವರ್ಷದ ಮಗು ಅಷ್ಟು ಹೊತ್ತು ಸುಮ್ಮನಿರುತ್ತದೆ ಅಂದರೆ ಒಳಗೆ ಎಷ್ಟು ನೊಂದಿರಬೇಕು! ಆವತ್ತು ನಾನು ಯೋಚಿಸಲಿಲ್ಲ. ಬಸ್ ಸಿಕ್ಕಿತಲ್ಲ ಅಂತ ಸಮಾಧಾನ ಮಾಡಿಕೊಂಡೆ.

ನಿನ್ನೆ ರಾತ್ರಿಯೂ ಟಿವಿ ಆರಿಸೋದಕ್ಕೆ ರಿಮೋಟ್ ಕೈಗೆ ತಗೊಂಡಿದ್ದೆ, ನಿಜ ಹೇಳುತ್ತೇನೆ. ಶನಿವಾರ ನಮ್ಮ ಮೈದಾನ ಫೆನ್‌ವೇಯಲ್ಲೇ ನ್ಯೂಯಾರ್ಕಿನ ಯಾಂಕೀಸ್ 19-8ರಿಂದ ಹೊಡೆದು ಹೋಗಿದ್ದರು. ನಾಲ್ಕು ಆಟ ಗೆದ್ದವರದ್ದು ಸರಣಿ, ಅವರಾಗಲೇ 3-0 ಮುಂದೆ. ಅಲ್ಲಿಂದ ಎದ್ದು ಬಂದು ಗೆದ್ದ ತಂಡ ಬೇಸ್‌ಬಾಲಿನ ಚರಿತ್ರೆಯಲ್ಲೇ ಇಲ್ಲ. ಕೊನೆಯ ಒಂಬತ್ತನೇ ಇನ್ನಿಂಗ್ಸ್, ನಮ್ಮದು 3, ಅವರದು 4, ಎಸೆಯೋದಕ್ಕೆ ಅವರ ರಿವೆರಾ. ಮುಗೀತು ಅಂತ ಯಾರು ಬೇಕಾದರೂ ಹೇಳುತ್ತಿದ್ದರು. ಬೆಳಗ್ಗೆ ಆರೂವರೆಗೆ ಏಳಬೇಕು ಅಂತ ಎದ್ದೂ ನಿಂತೆ. ನಿನ್ನ ಮಾತು ನೆನಪಾಯಿತು. ರಿಮೋಟ್ ಕೆಳಗಿಟ್ಟು ಕೂತೆ.

ನಮ್ಮ ಕೆವಿನ್ ಮಿಲಾರ್‌ಗೆ ವಾಕ್ ಸಿಕ್ಕಿತು, ಹೊಡೆಯದೇ ಫಸ್ಟ್ ಬೇಸ್ ಸೇರಿದ. ಅವನ ಬದಲು ಓಡೋದಕ್ಕೆ ಡೇವ್ ರಾಬರ್ಟ್ಸ್ ಬಂದ. ಜುಲೈ ಕೊನೆಯಲ್ಲಿ ಡಾಡ್ಜರ್ಸ್ ತಂಡದಿಂದ ಬಂದನಲ್ಲ, ಅವನೇ. ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತಿದ್ದವನು. ಚೆಂಡು ಹೊಡೆಯೋ ಮುಂಚೆಯೇ ಓಡಿ ಸೆಕೆಂಡ್ ಬೇಸ್ ಕದಿಯೋದಕ್ಕೇ ಬಂದಿದ್ದಾನೆ ಅಂತ ಇಡೀ ಮೈದಾನಕ್ಕೆ ಗೊತ್ತು. ರಿವೆರಾಗೂ ಗೊತ್ತು. ಅವನನ್ನು ಔಟ್ ಮಾಡೋದಕ್ಕೆ ಮೂರು ಸಲ ಫಸ್ಟ್ ಬೇಸಿಗೆ ಎಸೆದ. ಮೂರು ಸಲವೂ ರಾಬರ್ಟ್ಸ್ ವಾಪಸ್ ಹಾರಿ ಬೇಸ್ ಹಿಡಿದ. ಮೂರನೇದಂತೂ ಸ್ವಲ್ಪದರಲ್ಲಿ ತಪ್ಪಿತು. ನಾನಾಗಿದ್ದರೆ ಆಮೇಲೆ ಕಾಲು ಎತ್ತುತ್ತಲೇ ಇರಲಿಲ್ಲ. ರಿವೆರಾ ಬ್ಯಾಟ್ಸ್‌ಮನ್‌ಗೆ ಹಾಕಿದ ಮೊದಲನೇ ಎಸೆತಕ್ಕೇ ರಾಬರ್ಟ್ಸ್ ಓಡಿದ. ಅವರ ಕ್ಯಾಚರ್ ಪೊಸಾಡಾ ಎಸೆದದ್ದೂ ಚೆನ್ನಾಗೇ ಇತ್ತು, ಸೆಕೆಂಡ್ ಬೇಸಿನಲ್ಲಿದ್ದ ಜೀಟರ್ ಕೈ ಕೆಳಗೆ ಬಂತು. ಅಷ್ಟರಲ್ಲಿ ರಾಬರ್ಟ್ಸ್ ಮುಂದಕ್ಕೆ ಬಿದ್ದು ಕೈ ಚಾಚಿ ಬೇಸ್ ಮುಟ್ಟಿದ್ದ. ಸೇಫ್!

ಒಂದು ಗೇಣಿನ ಅಂತರ ಪುಟ್ಟಿ. ರೀಪ್ಲೇ ತೋರಿಸಿದಾಗೆಲ್ಲ ನನ್ನ ಎದೆ ಡವಗುಟ್ಟಿತು, ಈ ಸಲ ಔಟ್ ಆಗಿಬಿಡುತ್ತಾನೆ ಅನ್ನೋ ಹಾಗೆ.

ಆಮೇಲೆ ಬಿಲ್ ಮ್ಯುಲರ್ ಪಿಚರ್ ಪಕ್ಕದಿಂದಲೇ ನೇರ ಹೊಡೆದ, ರಾಬರ್ಟ್ಸ್ ಹೋಮ್ ಬೇಸ್ ಸೇರಿದ, 4-4. ಜುಲೈನಲ್ಲಿ ಇದೇ ಮ್ಯುಲರ್ ಇದೇ ರಿವೆರಾಗೆ ಹೋಮ್ ರನ್ ಹೊಡೆದು ಗೆಲ್ಲಿಸಿದಾಗ ನಾವಿಬ್ಬರೂ ಇದೇ ಸೋಫಾ ಮೇಲೆ ಇದ್ದೆವು. ಸಮ ಆದದ್ದಕ್ಕೆ ಆಟ ಮುಂದುವರಿಯಿತು, ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ನಮ್ಮ ಒರ್ಟೀಸ್ ಹೊಡೆದ ಚೆಂಡು ಬಲಗಡೆ ಗೋಡೆ ದಾಟಿತು. 6-4. ನಾನು ಕೂಗಿದೆ, ಆಮೇಲೆ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ನೀನಿರಲಿಲ್ಲ.

ಆಗ ಮತ್ತೆ ಆ ಬಸ್ ಸ್ಟಾಪೇ ಕಣ್ಣ ಮುಂದೆ ಬಂತು. ಬಸ್ ಹೋಗಿದ್ದರೆ ಏನಾಗುತ್ತಿತ್ತು? ಆಟೋ ಹಿಡಿಯಬಹುದಿತ್ತು. ನಡೆದೇ ಬರಬಹುದಿತ್ತು, ನೀನು ಕುಣಿದುಕೊಂಡು ಬರುತ್ತಿದ್ದೆ. ಇಬ್ಬರು ಕನ್ನಡದ ಹುಡುಗರು ನಮ್ಮೂರಿನಲ್ಲೇ 52 ರನ್ ಸೇರಿಸಿ ಗೆಲ್ಲಿಸಿದ್ದನ್ನು ನೋಡೋ ಭಾಗ್ಯ ನಿನಗಿತ್ತು. ಅದನ್ನು ನಾನು ಕಿತ್ತುಕೊಂಡೆ. ಇದನ್ನು ಎಂಟು ವರ್ಷದಲ್ಲಿ ಒಂದು ಸಲವೂ ನಿನಗೆ ಹೇಳಿರಲಿಲ್ಲ. ತಪ್ಪಾಯಿತು ಮಗಳೇ.

ಶನಿವಾರ ಮಾಡಿದ್ದೂ ಅದೇ. ಫಿಸಿಕ್ಸ್‌ನಲ್ಲಿ ಮೂವತ್ತೊಂದು ಬಂತು ಅಂತ ನೀನು ಹೇಳಿ ಮುಗಿಸೋ ಮುಂಚೆ, "ಅದು ನಿನಗೆ ಆಗಿಬರಲ್ಲ, ಬಿಟ್ಟು ಅಕೌಂಟಿಂಗ್ ತಗೋ" ಅಂದೆ. ನೀನು ಕೇಳಿದ್ದು ಅದಲ್ಲ. ಏನು ಕೇಳಬೇಕು ಅಂತಿದ್ದೆಯೋ ಅದನ್ನು ಕೇಳೋದಕ್ಕೇ ನಾನು ಬಿಡಲಿಲ್ಲ. ನನಗೆ ಭಯ, ಅಷ್ಟೇ. ಸಾಲ ಮಾಡಿ ಓದುತ್ತಿದ್ದೀಯ, ದೂರದಲ್ಲಿದ್ದೀಯ, ಒಬ್ಬಳೇ ಕೂತು ಅತ್ತರೆ ಯಾರಿದ್ದಾರೆ ಅಂತ.

ಆದರೂ ಕೆಲವು ಮಾತು ಹೇಳಲೇಬೇಕು. ಪ್ರೊಫೆಸರ್ ಹತ್ತಿರ ಹೋಗಿ ಕೇಳು, ನಾಚಿಕೆಪಡಬೇಡ. ಉತ್ತರ ಪತ್ರಿಕೆ ಬಿಸಾಕಬೇಡ, ಎಲ್ಲೆಲ್ಲಿ ತಪ್ಪಾಯಿತು ಅಂತ ಕೆಂಪು ಪೆನ್ನಲ್ಲಿ ಗುರುತು ಮಾಡು. ರಾತ್ರಿ ಎರಡು ಗಂಟೆ ತನಕ ಓದೋದು ಬಿಡು, ಬೆಳಗ್ಗೆ ಎದ್ದು ಓದಿದ್ದು ತಲೆಯಲ್ಲಿ ನಿಲ್ಲುತ್ತದೆ. ತಿಂಡಿ ಬಿಡಬೇಡ. ರಾಬರ್ಟ್ಸ್ ಬೆಂಚಿನ ಮೇಲೆ ಸುಮ್ನೆ ಕೂತಿರಲಿಲ್ಲ ಅನ್ನಿಸುತ್ತದೆ ನನಗೆ, ಪಿಚರ್ ಹೇಗೆ ಕಾಲೆತ್ತುತ್ತಾನೆ, ಎಷ್ಟು ಹೊತ್ತು ಚೆಂಡು ಹಿಡಿದುಕೊಳ್ಳುತ್ತಾನೆ, ಎಲ್ಲ ಲೆಕ್ಕ ಹಾಕಿಯೇ ಕೂತಿರಬೇಕು. ನೀನೂ ಹಾಗೇ... ನೋಡು, ಮತ್ತೆ ಶುರುವಾಯಿತು ನನ್ನದು. ಇಲ್ಲಿಗೇ ಬಿಡುತ್ತೇನೆ.

ಇನ್ನೊಂದು ಮಾತು. ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ಈ ಆಟ ಒಂಚೂರೂ ಅರ್ಥವಾಗುತ್ತಿರಲಿಲ್ಲ. ಕಾಗದದ ಮೇಲೆ ಚೌಕ ಬರೆದು, ಇದು ಫಸ್ಟ್, ಇದು ಸೆಕೆಂಡ್ ಅಂತ ಹೇಳಿಕೊಟ್ಟವಳು ನೀನು. ಹದಿಮೂರು ವರ್ಷದ ಹುಡುಗಿ ಅಪ್ಪನಿಗೆ ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟೆ! 1918ರಿಂದ ಗೆಲ್ಲದ ತಂಡವನ್ನು ಯಾಕೆ ಹಿಡಿದುಕೊಂಡೆ ಅಂತ ಕೇಳಿದರೆ, "ಗೆಲ್ಲೋವಾಗ ನಾನು ಇಲ್ಲಿರಬೇಕು" ಅಂದಿದ್ದೆ. ಅದನ್ನು ಆಫೀಸಿನಲ್ಲಿ ಎಷ್ಟು ಜನಕ್ಕೆ ಹೇಳಿಕೊಂಡಿದ್ದೇನೋ!

ಇವತ್ತು ಸಂಜೆ ಐದಕ್ಕೆ ಮತ್ತೆ ಆಟ, ನಮ್ಮ ಪೆಡ್ರೊ ಎಸೆಯುತ್ತಾನೆ. ಸೋಲಬಹುದು. ಈಗಲೂ 3-1 ಹಿಂದೆ ಇದ್ದೇವೆ. ನಾಲ್ಕು ಗಂಟೆಗೇ ಆಫೀಸಿನಿಂದ ಹೊರಡುತ್ತೇನೆ. ಫೋನ್ ಸೋಫಾ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಈ ಪತ್ರ ಆಮೇಲೆ ಬಂದು ಸೇರಲಿ. ನಿನಗೆ ಮನಸ್ಸು ಬಂದರೆ ಎಷ್ಟು ಹೊತ್ತಿಗಾದರೂ ಮಾಡು. ಈ ಸಲ ನೀನು ಮಾತಾಡು, ನಾನು ಕೇಳುತ್ತೇನೆ.

ಅಮ್ಮ ಚಟ್ನಿಪುಡಿ, ಕೋಡುಬಳೆ ಕಟ್ಟಿಟ್ಟಿದ್ದಾಳೆ, ಬೆಳಗ್ಗೆ ಇದರ ಜೊತೆ ಕಳಿಸುತ್ತೇನೆ. ಚಳಿಗೆ ಬೇಕು ಅಂತ ನೀನು ಕೇಳಿದ ಸ್ವೆಟರ್ ಕೂಡ ಇದೆ. ನಿನ್ನ ರೆಡ್ ಸಾಕ್ಸ್ ಟೋಪಿ ಮಾತ್ರ ಈಗಲೇ ಕಳಿಸಲ್ಲ. ರಾತ್ರಿ ಅದನ್ನು ಹಾಕಿಕೊಂಡೇ ಕೂತಿದ್ದೆ. ಏಳನೇ ಆಟ ಬುಧವಾರ. ಅಲ್ಲಿ ತನಕ ನನ್ನ ಹತ್ತಿರ ಇರಲಿ.

ನಿನ್ನ
ಅಪ್ಪ